ಹಿಂದೆ ಕುಳಿತವನು ಕಂಡ ಮಿರಜ

ಮಿರಜ ಎಂದೊಡನೆ ನಮ್ಮ ಗಡಿಸೀಮೆಯ ಹಿರಿಯರಿಗೆ ಮೊದಲು ನೆನಪಾಗುವುದು ದವಾಖಾನೆ. ಅಥಣಿ, ರಾಯಬಾಗ, ಚಿಕ್ಕೋಡಿ, ಜತ್ತ ಭಾಗಗಳಲ್ಲಿ 'ಮಿರಜಿಗೆ ಒಯ್ದರು' ಎಂದರೆ ಕಾಯಿಲೆಯು ಊರಿನ ವೈದ್ಯರ ಕೈಮೀರಿತೆಂದೇ ಅರ್ಥ. ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಈ ಮಾತು ನಮ್ಮಲ್ಲಿ ರೂಢಿಯಾಗಿದೆ. ನಾನು ಮಾತ್ರ ನಾಲ್ಕು ದಶಕಗಳಿಗೂ ಮಿಕ್ಕಿ ಮಿರಜಿಗೆ ಒಯ್ಯುತ್ತಿರುವುದು ಒಂದು ತಂಬೂರಿಯನ್ನು. ಅದಕ್ಕೂ ಆಗಾಗ ಗಂಟಲು ಕೆಡುವುದುಂಟು. ಅದನ್ನು ಗುಣಪಡಿಸುವವರೂ ಆ ಊರಲ್ಲಿಯೇ ಇದ್ದಾರೆ.

ನನ್ನ ವಾಸ ವಿಶ್ರಾಮಬಾಗದಲ್ಲಿ. ಸಾಂಗಲಿ ಮತ್ತು ಮಿರಜಗಳ ನಡುವಣ ಹತ್ತು ಕಿಲೋಮೀಟರ್ ರಸ್ತೆಯಲ್ಲಿ ಅರ್ಧಕ್ಕೆ ಸಿಗುವ ಬಡಾವಣೆಯಿದು. ಹೆಸರಿನ ಅರ್ಥ ವಿಶ್ರಾಂತಿಯ ತೋಟವೆಂದು; ಈಗ ರಸ್ತೆ ದಾಟುವುದಕ್ಕೇ ಐದು ನಿಮಿಷ ಕಾಯಬೇಕಾಗಿರುವುದರಿಂದ ವಿಶ್ರಾಂತಿ ನಿಂತಲ್ಲೇ ಆಗಿಬಿಡುತ್ತದೆ. 1998ರಿಂದ ಸಾಂಗಲಿ, ಮಿರಜ, ಕುಪವಾಡ ಮೂರಕ್ಕೂ ಒಂದೇ ಮಹಾನಗರಪಾಲಿಕೆ. ಆದರೂ ಸಾಂಗಲಿಯವರು ಸಾಂಗಲಿಯವರೇ, ಮಿರಜದವರು ಮಿರಜದವರೇ. ನಡುವೆ ಇರುವ ನಾವು ಎರಡು ಮನೆಗಳಿಗೂ ಬೇಕಾದ ನೆರೆಯವರಂತೆ. ಕನ್ನಡಿಗರಿಗಂತೂ ಈ ನಡುವಣ ಸ್ಥಾನ ಹೊಸದಲ್ಲ. ಮಿರಜದಿಂದ ಮ್ಹೈಸಾಳ ದಾಟಿದರೆ ಕಾಗವಾಡ. ನನ್ನ ತಂದೆ ಆ ಕಡೆಯಿಂದಲೇ ಬಂದವರು.

ವಿಶ್ರಾಮಬಾಗಕ್ಕೆ ನನ್ನನ್ನು ಕರೆತಂದುದು ವಿಲಿಂಗ್ಡನ್ ಕಾಲೇಜು. 1919ರಲ್ಲಿ ಸ್ಥಾಪನೆಯಾದ ಆ ಕಲ್ಲುಕಟ್ಟಡದ ಕಾಲೇಜಿನಲ್ಲಿ ವಿ. ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು, ರಂ. ಶ್ರೀ. ಮುಗಳಿಯವರು ಬಹುಕಾಲ ಕನ್ನಡ ಕಲಿಸಿದರು. 1973ರಲ್ಲಿ ನಾನು ಸೇರುವ ಹೊತ್ತಿಗೆ ಇಬ್ಬರೂ ಅಲ್ಲಿಂದ ಹೊರಟುಹೋಗಿದ್ದರು. ನನ್ನ ಪಾಲಿಗೆ ಉಳಿದುದು ಅವರ ಹೆಸರಿನ ನೆರಳು ಮತ್ತು ಸಂಜೆಗಳು. ಆ ಸಂಜೆಗಳಲ್ಲೊಂದು ದಿನ ಮಿತ್ರನೊಬ್ಬನ ಸಂಗಡ ಸಾಂಗಲಿಯ ಹೊಳೆದಂಡೆಯ ಕಡೆಯ ಒಂದು ಹಳೆಯ ಮನೆಗೆ ಹೋದೆ. ಧಾರವಾಡದಿಂದ ಮದುವೆಯಾಗಿ ಬಂದ ಒಬ್ಬ ತಾಯಿ ಅಲ್ಲಿ ಹತ್ತಾರು ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಎಲ್ಲರೂ ಅವರನ್ನು 'ಬಾಯಿ' ಎಂದೇ ಕರೆಯುತ್ತಿದ್ದರು. ನನಗೂ ಕಲಿಸಬೇಕೆಂದು ಕೇಳಿದೆ. ಒಂದು ಸ್ವರ ಹಾಡಿಸಿ ನೋಡಿ ಬಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ತಮ್ಮಾ, ನಿನ್ನ ಕಿವಿ ಛಲೋ ಅದ. ಕಂಠ ಮಾತ್ರ ದೇವರು ಮರತಾನ. ತಂಬೂರಿ ಹಿಡಿತೀಯೇನು?"

ಹೀಗೆ ನಾನು ಹಿಂದೆ ಕುಳಿತೆ. ಅಂದಿನಿಂದ ಹಿಂದೆಯೇ ಇದ್ದೇನೆ.

ತಂಬೂರಿ ಹಿಡಿಯುವುದೆಂದರೆ ನಾಲ್ಕು ತಂತಿ ಮೀಟುವುದಷ್ಟೇ ಅಲ್ಲವೇ ಎಂದು ವಾಚಕರು ಕೇಳಬಹುದು. ಅಷ್ಟೇ ಹೌದು. ಮೊದಲ ತಂತಿ ಪಂಚಮ. ನಡುವಿನ ಎರಡು ಜೋಡಿ ತಂತಿಗಳು ಷಡ್ಜ. ಕೊನೆಯದು ಹಿತ್ತಾಳೆಯದು, ಮಂದ್ರ ಷಡ್ಜ, ಅದಕ್ಕೆ ಖರಜವೆಂದು ಹೆಸರು. ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೂ ತೋರುಬೆರಳು. ಉಗುರು ತಾಗಕೂಡದು, ಬೆರಳಿನ ಮೆತ್ತನೆಯ ಬದಿಯಿಂದ ತಂತಿಯನ್ನು ಸವರಿ ಬಿಡಬೇಕು. ತಬಲೆಯವನ ಲಯಕ್ಕೆ ನಿಮ್ಮ ಬೆರಳು ಕುಣಿಯತೊಡಗಿದರೆ ಕೆಟ್ಟಿತು. ಅವನ ಲಯ ಅವನದು, ನಿಮ್ಮ ಗತಿ ನಿಮ್ಮದು. ಹಾಡುಗಾರರು ಏನೇ ಚಮತ್ಕಾರ ಮಾಡಲಿ, ನೀವು ಮಾಡಬೇಕಾದುದು ಹಿಂದಿನ ನಿಮಿಷದಲ್ಲಿ ಮಾಡಿದ್ದನ್ನೇ. ಎರಡು ಗಂಟೆಗಳ ಕಾಲ ಹೀಗೆ ಒಂದನ್ನೇ ಮಾಡಿ ನೋಡಿದವರಿಗೆ ಅದರ ಕಷ್ಟ ತಿಳಿದೀತು.

ಆದರೆ ಆ ಕಷ್ಟದ ನಡುವೆ ಒಂದು ಲಾಭವುಂಟು. ತಂಬೂರಿಯ ಶ್ರುತಿ ನಿಜವಾಗಿ ಕೂಡಿದಾಗ ಖರಜದ ತಂತಿಯೊಳಗಿಂದ ಗಾಂಧಾರ ಕೇಳಿಬರುತ್ತದೆ. ನಾಲ್ಕು ತಂತಿಗಳಲ್ಲಿ ಯಾವುದೂ ಗಾಂಧಾರವಲ್ಲ. ಅದನ್ನು ಯಾರೂ ಮೀಟಿಲ್ಲ. ಖರಜವು ಕಂಪಿಸುವಾಗ ಅದರ ಐದು ಪಟ್ಟು ವೇಗದ ಉಪಸ್ವರವೊಂದು ಜೊತೆಯಲ್ಲೇ ಏಳುತ್ತದೆ, ಅದೇ ಈ ಸ್ವಯಂಭೂ ಗಾಂಧಾರ. ಕುದುರೆಯ ಮೇಲ್ಮೈಯನ್ನು ಚಪ್ಪಟೆಯಾಗಿ ಬಿಡದೆ ಅತಿ ಸೂಕ್ಷ್ಮವಾಗಿ ಬಾಗಿಸಿ, ತಂತಿಯ ಕೆಳಗೆ ಒಂದೆಳೆ ದಾರವನ್ನು ಸರಿಸಿಟ್ಟರೆ ತಂತಿಯು ಕುದುರೆಯನ್ನು ತಾಗಿಯೂ ತಾಗದಂತೆ ಮಿಡಿಯುತ್ತದೆ. ಇದಕ್ಕೆ ಜವಾರಿ ಎನ್ನುತ್ತಾರೆ. ಸಾಮಾನ್ಯ ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಲಾರವೋ, ಅಂಥಲ್ಲಿ ಮೀಟಿದರೂ ತಂಬೂರಿಯಲ್ಲಿ ಅವು ಕೇಳಿಬರುತ್ತವೆಂದು ಸಿ. ವಿ. ರಾಮನ್ನರು 1921ರಷ್ಟು ಹಿಂದೆಯೇ ತಂಬೂರಿ ಮತ್ತು ವೀಣೆಗಳನ್ನು ಪರೀಕ್ಷಿಸಿ ಬರೆದರು. ಮಿರಜದ ಕುಶಲಕರ್ಮಿಗಳಿಗೆ ಅದು ಅದಕ್ಕೂ ಮುಂಚೆಯೇ ಬೆರಳಿಗೆ ಗೊತ್ತಿತ್ತು.

ಅವರ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಶಿಕಲಗಾರರೆಂದರೆ ಕತ್ತಿ-ಈಟಿಗಳಿಗೆ ಸಾಣೆ ಹಿಡಿಯುವವರು. ಪಟವರ್ಧನ ಸಂಸ್ಥಾನಿಕರ ಮಿರಜದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಕತ್ತಿಯ ಕೆಲಸ ಕಡಿಮೆಯಾಯಿತು. ಆಗ ಫರೀದಸಾಹೇಬ ಶಿಕಲಗಾರರು ಸಿತಾರ-ತಂಬೂರಿಗಳ ರಿಪೇರಿಗೆ ಕೈಹಾಕಿ, ಕ್ರಮೇಣ ತಾವೇ ವಾದ್ಯ ತಯಾರಿಸತೊಡಗಿದರು. ಅವರ ವಂಶಸ್ಥರ ಅಡ್ಡಹೆಸರು ಮುಂದೆ 'ಸತಾರಮೇಕರ' ಎಂದೇ ಆಯಿತು. ಅದೇ ಊರಿಗೆ ಬಾಳಕೃಷ್ಣಬುವಾ ಇಚಲಕರಂಜೀಕರರು ಬಂದು ನೆಲೆಸಿ ಗ್ವಾಲಿಯರ ಗಾಯಕಿಯನ್ನು ಕಲಿಸಿದರು. ಕುರುಂದವಾಡದಲ್ಲಿ ಪಟಾಕಿಯಿಂದ ಕಣ್ಣಿಗೆ ಪೆಟ್ಟು ಮಾಡಿಕೊಂಡ ಹುಡುಗನೊಬ್ಬನನ್ನು ಚಿಕಿತ್ಸೆಗೆಂದು ಮಿರಜಿಗೆ ತಂದರು. ಕಣ್ಣು ಸರಿಹೋಗಲಿಲ್ಲ, ಹುಡುಗ ಬುವಾರ ಶಿಷ್ಯನಾದ. ಅವರೇ ವಿಷ್ಣು ದಿಗಂಬರ ಪಲುಸ್ಕರರು. ಬುವಾರ ಪರಂಪರೆಯ ನೀಲಕಂಠಬುವಾ ಆಲೂರಮಠರ ಬಳಿ ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಮಿರಜದಲ್ಲಿಯೇ ವರ್ಷಗಟ್ಟಲೆ ಕಲಿತರು. ದವಾಖಾನೆಯ ಊರೆಂದು ನಾವು ತಿಳಿದ ಮಿರಜಿಗೆ ಕನ್ನಡದ ಹುಡುಗರು ಇನ್ನೊಂದು ಕಾರಣಕ್ಕೂ ಹೋಗುತ್ತಿದ್ದರು.

ಇನ್ನು ಅಬ್ದುಲ್ ಕರೀಮಖಾನರ ವಿಷಯ. ಉತ್ತರದ ಕಿರಾಣಾದಿಂದ ಹೊರಟು ಮಿರಜದಲ್ಲಿ ಮನೆ ಮಾಡಿದ ಈ ಮಹಾನುಭಾವರು ಕುಂದಗೋಳದ ರಾಮಚಂದ್ರ ಎಂಬ ಹುಡುಗನನ್ನು ಸವಾಯಿ ಗಂಧರ್ವರನ್ನಾಗಿ ಮಾಡಿದರು. ಆ ಮೂಲಕ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಅಜ್ಜಗುರುವಾದರು. 1937ರ ಅಕ್ಟೋಬರ 27ರಂದು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಅವರು ದೇಹವಿಟ್ಟರು. ಮಿರಜದ ಮೀರಾಸಾಹೇಬ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಉರುಸಿನ ಕಾಲಕ್ಕೆ ಅವರ ನೆನಪಿನಲ್ಲಿ ಅಲ್ಲಿ ಹಾಡುವುದನ್ನು ದೊಡ್ಡ ಗಾಯಕರೂ ಹಾಜರಿಯೆಂದೇ ತಿಳಿದು ಬಂದು ಸಲ್ಲಿಸಿದ್ದಾರೆ. ಬಾಯಿಯವರ ಹಿಂದೆ ಅಲ್ಲೊಮ್ಮೆ ಕೂಡುವ ಭಾಗ್ಯ ನನಗೂ ದೊರೆತಿತ್ತು. ಯಾರೂ ನನ್ನನ್ನು ನೋಡಲಿಲ್ಲವೆಂದು ಆಣೆ ಮಾಡಿ ಹೇಳಬಲ್ಲೆ. ಆದರೆ ಕರೀಮಖಾನರ ಘರಾಣೆಯಲ್ಲಿ ಸ್ವರವೇ ಸರ್ವಸ್ವ, ಸ್ವರಕ್ಕೆ ತಂಬೂರಿಯೇ ತಾಯಿ. ಆ ಜಾಗದಲ್ಲಿ ನನ್ನ ಖರಜ ಸ್ವಲ್ಪ ಇಳಿದಿದ್ದರೆ ಭೂಮಿ ಬಾಯಿಬಿಡಬಾರದೇ ಎಂದು ಬೇಡಿಕೊಳ್ಳಬೇಕಾಗುತ್ತಿತ್ತು.

ಸ್ವಂತ ತಂಬೂರಿಯನ್ನು ಕೊಂಡುದು 1981ರಲ್ಲಿ. ಗುಮಾಸ್ತನ ಎರಡು ತಿಂಗಳ ಸಂಬಳ ಹೋಯಿತು. ಮನೆಯಲ್ಲಿ ಹೊಲಿಗೆ ಯಂತ್ರಕ್ಕೆಂದು ಕೂಡಿಸಿಟ್ಟ ಹಣವದು; ಆ ವಿಷಯ ಇಂದಿಗೂ ವರ್ಷಕ್ಕೊಮ್ಮೆ ನನ್ನ ಮುಂದೆ ಬರುತ್ತದೆ. ಗಲ್ಲಿಯ ಒಂದು ಪುಟ್ಟ ಅಂಗಡಿಯಲ್ಲಿ ಚಾಚಾ ಕುಳಿತಿದ್ದರು. ಗೋಡೆಯುದ್ದಕ್ಕೂ ಒಣಗಿದ ಭೋಪಳೆಗಳು ತೂಗುತ್ತಿದ್ದವು. ಭೋಪಳಾ ಎಂದರೆ ದೊಡ್ಡ ಬುರುಡೆಕಾಯಿ. ಕಹಿಯಾದುದರಿಂದ ಅಡಿಗೆಗೆ ಬಾರದು. ಪಂಢರಪುರ, ಮಂಗಳವೇಢೆಗಳ ಕಡೆ ಭೀಮೆಯ ದಂಡೆಯಲ್ಲಿ ಅದನ್ನು ವಾದ್ಯಕ್ಕೆಂದೇ ಬೆಳೆಯುತ್ತಾರೆ. ತಿಂಗಳುಗಟ್ಟಲೆ ಒಣಗಿಸಿ, ಬಾಯಿ ಕೊಯ್ದು, ನೀರಿನಲ್ಲಿ ನೆನೆಯಿಟ್ಟು ಮೆತ್ತಗಾದ ಮೇಲೆ ಒಳಗೆ ಕಡ್ಡಿಗಳನ್ನು ಆನಿಸಿ ಬೇಕಾದ ಅಗಲಕ್ಕೆ ಹಿಗ್ಗಿಸಿ, ಮತ್ತೆ ಒಣಗಿಸುತ್ತಾರೆ. ಅದರ ಬಾಯಿಗೆ ತೆಳುವಾದ ಕಟ್ಟಿಗೆಯ ತಬಲಿ ಮುಚ್ಚುತ್ತದೆ. ಮೇಲಕ್ಕೆ ಪೊಳ್ಳಾದ ಉದ್ದನೆಯ ದಾಂಡಿ. ಕಟ್ಟಿಗೆ ತೂಣ ಮರದ್ದು, ಹಗುರ, ಕೆಂಪು ಛಾಯೆಯದು. ಗಂಡಸರ ತಂಬೂರಿ ಸುಮಾರು ಐದಡಿ. ಹೆಂಗಸರದು ಅದಕ್ಕಿಂತ ಚಿಕ್ಕದು. ನಾನು ಬಾಯಿಯವರ ಕಂಠಕ್ಕೆ ಹೊಂದುವುದನ್ನೇ ಕೇಳಿದೆ.

"ಹಾಡವರು ಯಾರು?" ಎಂದರು ಚಾಚಾ.

"ನಾನಲ್ಲ."

"ಹಾಂಗಾರ ನೀವು ತಗೊಳ್ಳೂದು ಯಾಕ?"

ಉತ್ತರ ಹೊಳೆಯಲಿಲ್ಲ. ಮುದುಕರು ನಕ್ಕು ಒಂದು ಭೋಪಳೆಯನ್ನು ಇಳಿಸಿ ಬೆರಳಿನಿಂದ ತಟ್ಟಿ ನನ್ನ ಕಿವಿಗೆ ಹಿಡಿದರು, ಇನ್ನೊಂದನ್ನು ಹಿಡಿದರು. ಮೂರನೆಯದಕ್ಕೆ ನಾನು ತಲೆಯಾಡಿಸಿದೆ. "ಕಿವಿ ಅದ" ಎಂದಷ್ಟೇ ಹೇಳಿ ಅದರ ಮೇಲೆ ಪೆನ್ಸಿಲಿನಿಂದ ನನ್ನ ಹೆಸರು ಬರೆದಿಟ್ಟರು. ವಾದ್ಯ ಕೈಗೆ ಬಂದುದು ನಾಲ್ಕು ತಿಂಗಳ ಮೇಲೆ. ಅವರ ಮನೆಮಾತು ಒಂದು, ಪೇಟೆಯ ಮಾತು ಇನ್ನೊಂದು. ನನ್ನೊಡನೆ ಮಾತ್ರ ಕನ್ನಡವೇ. ಬೆಳಗಾವಿ, ಧಾರವಾಡ, ಗದಗಿನ ಗಿರಾಕಿಗಳಿಂದ ಕಲಿತದ್ದೆನ್ನುತ್ತಿದ್ದರು.

ಬೈಠಕುಗಳ ಬಗೆಗೆ ಹೇಳಹೊರಟರೆ ಮುಗಿಯದು. ಗಣಪತಿ ಹಬ್ಬದ ಮಂಟಪಗಳು, ಮನೆಯ ಅಟ್ಟಗಳು, ಮದುವೆಯ ಹಿಂದಿನ ರಾತ್ರಿಗಳು, ಶ್ರಾವಣದ ಸೋಮವಾರಗಳು. ಸಂಭಾವನೆಯೆಂದರೆ ತೆಂಗಿನಕಾಯಿ, ಒಂದು ಟವೆಲು, ಚಹ. ಕೆಲವೊಮ್ಮೆ ಹಿಂತಿರುಗುವ ಬಸ್ಸಿನ ಖರ್ಚು. ತಂಬೂರಿಯನ್ನು ಬಸ್ಸಿನಲ್ಲಿ ಒಯ್ಯುವುದಿದೆಯಲ್ಲ, ಅದೇ ಒಂದು ಸಾಹಸ. ಗವಸಣಿಗೆ ತೊಡಿಸಿದ ವಾದ್ಯವನ್ನು ಕಂಡು 'ಪೂರಾ ತಿಕೀಟು ತೆಗೆಸಿರಿ' ಎಂದ ಕಂಡಕ್ಟರರು ಎಷ್ಟೋ ಮಂದಿ. ಒಬ್ಬಾತ ನಿಜವಾಗಿಯೂ ಅರ್ಧ ತಿಕೀಟು ಹರಿದುಕೊಟ್ಟ; ಅದನ್ನು ಬಹುದಿನ ಕಾದಿರಿಸಿದ್ದೆ.

ಜತ್ತ ಭಾಗದ ಒಂದು ಹಳ್ಳಿಯ ಬಸವಣ್ಣನ ಗುಡಿಯಲ್ಲಿ ನಡೆದ ಸಂಗತಿಯನ್ನು ಮಾತ್ರ ಮುಚ್ಚಿಡಲಾರೆ. ರಾತ್ರಿ ಮೂರು ಗಂಟೆ. ಹಿಂದಿನ ದಿನ ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸಿ ಹೋಗಿದ್ದೆ. ಬಾಯಿಯವರು ವಿಲಂಬಿತದಲ್ಲಿ ಮಂದ್ರಕ್ಕೆ ಇಳಿಯುತ್ತಿದ್ದರು. ನನ್ನ ಬೆರಳುಗಳು ಮೂರು ತಂತಿಗಳನ್ನು ಮೀಟಿ ನಾಲ್ಕನೆಯದನ್ನು ಮರೆತವು, ನಾನು ನಿದ್ರಿಸಿದ್ದೆ. ಅಷ್ಟು ಹೊತ್ತು ತಂಬೂರಿ ನುಡಿಯುತ್ತಿದೆಯೆಂಬುದನ್ನೇ ಅರಿಯದೆ ಕುಳಿತ ಜನವೆಲ್ಲ ಒಮ್ಮೆಲೆ ನನ್ನತ್ತ ತಿರುಗಿತು. ನೆಲವೇ ಸರಿದಂತಾಯಿತೆಂದು ಮುಂದಿನ ಸಾಲಿನ ಗೌಡರೊಬ್ಬರು ಆಮೇಲೆ ಹೇಳಿದರು. ಬಾಯಿಯವರು ಸ್ವರವನ್ನು ಹಾಗೆಯೇ ಹಿಡಿದು ನಿಂತು, ಎಡಗೈಯಿಂದ ಹಿಂದಕ್ಕೆ ತಡವಿ ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದರು. ಮರುದಿನ ಒಂದು ಮಾತನ್ನೂ ಆಡಲಿಲ್ಲ. ಆ ಮೌನವೇ ನನಗೆ ಸಾಕಾಯಿತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮಂಥವರ ಕರೆಗಳು ಕಡಿಮೆಯಾದವು. ಬೆಂಗಳೂರಿನ ಎಂಜಿನಿಯರ ಜಿ. ರಾಜನಾರಾಯಣರು ರೂಪಿಸಿದ ವಿದ್ಯುನ್ಮಾನ ತಂಬೂರಿಯು ಡಬ್ಬಿಯ ಗಾತ್ರದಲ್ಲಿ ಮನೆಮನೆಗೆ ಬಂದಿತು. ಅದಕ್ಕೆ ನಿದ್ರೆ ಬರುವುದಿಲ್ಲ, ಬಸ್ಸಿನಲ್ಲಿ ತಿಕೀಟಿಲ್ಲ. ಈಗ ಮೊಬೈಲಿನಲ್ಲಿಯೇ ಸಿಗುತ್ತದೆ. ಏಕಾಂತದಲ್ಲಿ ಸಾಧನೆ ಮಾಡುವ ಬಡ ವಿದ್ಯಾರ್ಥಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಅದನ್ನು ಹಳಿಯುವವರ ಸಾಲಿನಲ್ಲಿ ನಾನಿಲ್ಲ. ಬೇಡಿಕೆ ಕುಗ್ಗಿತೆಂದು ಚಾಚಾರ ಮಕ್ಕಳಲ್ಲಿ ಒಬ್ಬನು ಮಾತ್ರ ಕಸುಬಿನಲ್ಲಿ ಉಳಿದನು. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಗಲ್ಲಿಯಲ್ಲಿ ಪೇಢೆ ಹಂಚಿದರು, ನಾನೂ ತಿಂದೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ತಿಂಗಳಿಗೆರಡು ಶನಿವಾರ ಸ್ನೇಹಿತರೊಡನೆ ಪಬ್ಬುಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಕಣ್ಣಾಸ್ಪತ್ರೆಯ ಕೆಲಸಕ್ಕೆ ಹೋದಾಗ ಒಂದು ಸಂಜೆ ನನ್ನನ್ನೂ ಚರ್ಚ್ ಸ್ಟ್ರೀಟಿನ ಕಡೆ ಕರೆದೊಯ್ದ. ನಾನು ಲಿಂಬೆಹಣ್ಣಿನ ಸೋಡಾ ಹಿಡಿದು ಮೂಲೆಯಲ್ಲಿ ಕುಳಿತೆ. ಹಾಡುವ ಹುಡುಗಿಯ ಮೇಲೆ ದೀಪ. ಮುಂದಿನ ಗಿಟಾರದವನ ಮೇಲೆ ದೀಪ. ನಮ್ಮವನು ಡ್ರಮ್ಮಿನ ಪಕ್ಕದ ಕತ್ತಲೆಯಲ್ಲಿ. ಅವನ ವಾದ್ಯಕ್ಕೂ ನಾಲ್ಕೇ ತಂತಿ. ಸದ್ದು ಕಿವಿಗಿಂತ ಮೊದಲು ಎದೆಗೆ, ಕುರ್ಚಿಯ ಕಾಲಿಗೆ ಬರುತ್ತಿತ್ತು. ಜನ ಹುಡುಗಿಗೆ ಚಪ್ಪಾಳೆ ತಟ್ಟಿದರು. ನಾನು ಇವನ ಬೆರಳುಗಳನ್ನೇ ನೋಡುತ್ತಿದ್ದೆ: ತೋರುಬೆರಳು, ನಡುಬೆರಳು, ಉಗುರು ತಾಗದ ಮೀಟು.

ರಾತ್ರಿ ಮನೆಗೆ ಬಂದ ಮೇಲೆ ಅವನೇ ಹೇಳಿದ ಕಥೆಯಿದು. ಹಿಂದೆ ಈ ಕೆಲಸಕ್ಕೆ ಆಳೆತ್ತರದ ದೊಡ್ಡ ಪಿಟೀಲೊಂದಿತ್ತು. ಹೊತ್ತು ತಿರುಗುವುದೇ ಕಷ್ಟ, ಗದ್ದಲದಲ್ಲಿ ಕೇಳುವುದೂ ಇಲ್ಲ. ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ 1951ರಲ್ಲಿ ಅದನ್ನು ಗಿಟಾರದಂತೆ ಹೆಗಲಿಗೆ ತೂಗುವ ವಿದ್ಯುತ್ ವಾದ್ಯವನ್ನಾಗಿ ಮಾಡಿದ. ಅತಿ ಕೆಳಗಿನ ತಂತಿ ಕ್ಷಣಕ್ಕೆ ನಲವತ್ತೊಂದು ಸಲ ಕಂಪಿಸುತ್ತದೆ. ಕರಿ ಒಂದರ ಶ್ರುತಿಯ ಗಂಡಸರ ತಂಬೂರಿಯಲ್ಲಿ ಖರಜದ್ದು ಸುಮಾರು ಅರವತ್ತೊಂಬತ್ತೆಂದು ನಾನು ಹೇಳಿದೆ. ಹುಡುಗನಿಗೆ ಆಶ್ಚರ್ಯವಾಯಿತು.

"ಮಾಮಾ, ಹಂಗಂದ್ರ ನೀವೂ ಬೇಸಿಸ್ಟೇ ಅಲ್ಲೇನು?"

ಸಂಭಾವನೆ ಎಷ್ಟೆಂದು ಕೇಳಿದೆ. ಪೆಟ್ರೋಲಿಗೆ ಸಾಲುತ್ತದೆ, ಊಟ ಪುಕ್ಕಟೆ ಎಂದ. ಟವೆಲು ಕೊಡುವುದಿಲ್ಲವೇ ಎಂದೆ.

ಈ ನಗುವಿನ ನಡುವೆಯೇ 2019ರ ಆಗಸ್ಟ್ ಬಂದಿತು. ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. ಆ ಸಲ ನೀರು 57 ಅಡಿಯನ್ನೂ ದಾಟಿತು. ನಮ್ಮ ಮನೆ ಎತ್ತರದಲ್ಲಿದ್ದುದರಿಂದ ಉಳಿದೆವು. ಹಾಲು, ಹಾಸಿಗೆ, ಮಕ್ಕಳು ಎಂದು ಮನೆ ತುಂಬ ಸಾಂಗಲಿಯ ನೆಂಟರು. ಆದರೆ ತಂಬೂರಿ ವಿಶ್ರಾಮಬಾಗದಲ್ಲಿರಲಿಲ್ಲ. ಬಾಯಿಯವರು ತೀರಿಕೊಂಡ ಮೇಲೆ ಅವರ ಮಗಳು ನಡೆಸುತ್ತಿದ್ದ ಪಾಠಕ್ಕೆಂದು ಅದನ್ನು ಆ ಹೊಳೆದಂಡೆಯ ಮನೆಯಲ್ಲಿಯೇ ಇಟ್ಟಿದ್ದೆ. ನೀರಿಳಿದು ಬಾಗಿಲು ತೆರೆದಾಗ ಕಪಾಟು, ಪುಸ್ತಕ, ಹಾರ್ಮೋನಿಯಂ ಎಲ್ಲವೂ ಕೆಸರಿನೊಳಗೆ. ತಂಬೂರಿ ಮಾತ್ರ ಅಟ್ಟದ ತೊಲೆಗೆ ಸಿಕ್ಕಿಕೊಂಡು ಮೇಲೆ ನಿಂತಿತ್ತು. ಬುರುಡೆಯ ವಾದ್ಯ ಮುಳುಗದೆ ತೇಲಿತ್ತು! ತಬಲಿ ಬಿಟ್ಟುಕೊಂಡಿತ್ತು, ದಾಂಡಿಯ ಕೂಡು ಸಡಿಲಿತ್ತು, ಖುಂಟಿಗಳು ಉಬ್ಬಿ ತಿರುಗುತ್ತಿರಲಿಲ್ಲ. ಬಾಯಿಯವರ ಮಗಳು ಅದನ್ನು ಕಂಡ ಮೇಲೆಯೇ ಅತ್ತರು, ಅಲ್ಲಿಯವರೆಗೆ ಅತ್ತಿರಲಿಲ್ಲ.

ರಿಕ್ಷಾದಲ್ಲಿ ಮಿರಜಿಗೆ ಒಯ್ದೆವು. ಚಾಚಾ ಆಗಲೇ ಹಾಸಿಗೆ ಹಿಡಿದಿದ್ದರು. ಮಗ ನೋಡಿ ಹೊಸದೇ ಮಾಡಿಸಿರಿ ಎಂದ. ಒಳಗಿನಿಂದ ಮುದುಕರು ತರಲು ಹೇಳಿದರು. ಬುರುಡೆಯ ಮೇಲೆ ಕೈಯಾಡಿಸಿದರು.

"ಭೋಪಳಾ ನೀರಿಗೆ ಹೆದರತದೇನು, ಸಾಹೇಬ್ರ? ನಾವ ಅದನ್ನ ನೀರಾಗ ಇಟ್ಟ ಆಕಾರ ಕೊಟ್ಟಿದ್ದು. ತಬಲಿ ಹೊಸದು ಹಾಕು, ಬುರುಡಿ ಮುಟ್ಟಬ್ಯಾಡ" ಎಂದು ಮಗನಿಗೆ ಹೇಳಿದರು.

ನೆರಳಿನಲ್ಲಿ ಒಣಗುವುದಕ್ಕೇ ಚಳಿಗಾಲ ಕಳೆಯಿತು. ಆಮೇಲೆ ಕೊರೋನಾದ ಬಾಗಿಲು ಮುಚ್ಚಿತು. ಆ ನಡುವೆ ಚಾಚಾ ಹೋದರು. ಮರಳಿ ಕೈಗೆ ಬಂದಾಗ ತಂಬೂರಿ ನುಡಿಯಿತು. ಗಾಂಧಾರ ಮಾತ್ರ ಕೇಳಲಿಲ್ಲ. ಹೊಸ ತಬಲಿ ಪಳಗಬೇಕು ಎಂದ ಮಗ. ಮೂರು ಸಲ ಜವಾರಿ ತೆರೆದ. ನನ್ನ ಕಿವಿಯೇ ಮಂದವಾಯಿತೋ ಎಂಬ ಸಂಶಯವೂ ನನ್ನನ್ನು ಕಾಡಿತು. ಆ ಸಂಶಯವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕಳೆದ ದೀಪಾವಳಿಗೆ ಅಳಿಯ ಬಂದಿದ್ದ. ಬಾಯಿಯವರ ಪುಣ್ಯತಿಥಿಯ ಬೈಠಕ್ಕು ಅದೇ ಹಳೆಯ ಮನೆಯಲ್ಲಿತ್ತು. ನನ್ನ ಬಲಗೈಯ ಬೆರಳ ಗಂಟುಗಳು ಈಗ ಅರ್ಧ ತಾಸಿಗೆ ಮರಗಟ್ಟುತ್ತವೆ; ಹಿಂದೆ ಕೂಡಲು ಹುಡುಗನಿಗೇ ಹೇಳಿದೆ. ಮೊದಲ ಹತ್ತು ನಿಮಿಷ ಅವನ ಬೆರಳು ತಬಲೆಯ ಜೊತೆಗೆ ಓಡಬೇಕೆಂದು ಚಡಪಡಿಸುತ್ತಿದ್ದುದು ಕಾಣುತ್ತಿತ್ತು. ನಾನು ಪಕ್ಕದಿಂದ ಅವನ ಮೊಣಕಾಲನ್ನು ಎರಡು ಸಲ ತಟ್ಟಿದೆ. ಆಮೇಲೆ ಅವನು ಮುಕ್ಕಾಲು ತಾಸು ಅಲುಗಲಿಲ್ಲ.

ಚಹದ ಹೊತ್ತಿಗೆ ಹೊರಗೆ ಬಂದು ಪಿಸುಮಾತಿನಲ್ಲಿ ಕೇಳಿದ: "ಮಾಮಾ, ಕಡೀಕ ಒಂದು ಮೇಲಿನ ಸ್ವರ ಬರ್ತಿತ್ತಲ್ಲ, ಅದನ್ನ ಯಾರು ಬಾರಸ್ತಿದ್ರು?"

ಮರುದಿನ ಇಬ್ಬರೂ ವಿಶ್ರಾಮಬಾಗದ ನಾಕಾದಲ್ಲಿ ಷೇರ್ ರಿಕ್ಷಾ ಹಿಡಿದು ಮಿರಜಿಗೆ ಹೋದೆವು. ಭೀಮೆಯ ದಂಡೆಯಿಂದ ಹೊಸ ಭೋಪಳೆಗಳು ಬಂದು ಅಂಗಡಿಯ ಮುಂದೆ ರಾಶಿಬಿದ್ದಿದ್ದವು. ಚಾಚಾರ ಮಗ ಒಂದೊಂದನ್ನೇ ತಟ್ಟಿ ಹುಡುಗನ ಕಿವಿಗೆ ಹಿಡಿದ. ನಾಲ್ಕನೆಯದಕ್ಕೆ ಇವನು ತಲೆಯಾಡಿಸಿದ. ಒಣಗಿ, ನೆನೆದು, ಮತ್ತೆ ಒಣಗಿ ವಾದ್ಯವಾಗುವುದಕ್ಕೆ ಬೇಸಗೆ ಕಳೆಯಬೇಕೆಂದರು. ಹೆಸರು ಯಾವ ಲಿಪಿಯಲ್ಲಿ ಬರೆಯಲಿ ಎಂದು ಕೇಳಿ, ಪೆನ್ಸಿಲನ್ನು ಹುಡುಗನ ಕೈಗೇ ಕೊಟ್ಟರು.